ವಾಲ್ವಿನ ಮೇಲೆ ನಿಂತ ಟ್ಯಾಂಕರಿನ ಕುರಿತು

ನಾನು, ಎಲ್ಲರೂ ನಲ್ಲಿ ಅಕ್ಕ ಎಂದು ಕರೆಯುವವಳು, ವಯಸ್ಸು ನಲವತ್ತೇಳು, ಉದ್ಯೋಗ ನಗರ ಜಲಮಂಡಳಿಯಲ್ಲಿ ಲೈನ್ ಮೇಲ್ವಿಚಾರಕಿ, ವಾಸ ಪಂಪ್‌ಹೌಸಿನ ಹಿಂದಿನ ನೌಕರರ ವಸತಿಗೃಹ, ಮೊದಲನೇ ಮಹಡಿ, ಠಾಣೆಯವರು ಕೇಳಿದ ಮೇರೆಗೆ ಈ ಮೂಲಕ ತಿಳಿಸುವುದೇನೆಂದರೆ:

ದೂರು ಕೊಟ್ಟಿರುವ ಟ್ಯಾಂಕರ್ ಮಾಲೀಕ ನನ್ನ ಒಡಹುಟ್ಟಿದ ತಮ್ಮ. ನಮ್ಮ ಊರು ಹತ್ತು ವರ್ಷಗಳಲ್ಲಿ ಎರಡರಷ್ಟು ಬೆಳೆಯಿತು, ಕೊಳವೆಗಳು ಬೆಳೆಯಲಿಲ್ಲ. ಗುಡ್ಡದ ಬಡಾವಣೆಯಲ್ಲಿ ನಲ್ಲಿಗಳಿದ್ದರೂ ನೀರು ಹತ್ತುತ್ತಿರಲಿಲ್ಲ. ಅಲ್ಲಿಗೆ ನೀರು ಮಾರುತ್ತಿದ್ದವನು ನನ್ನ ತಮ್ಮ, ಬೈಗುಳ ತಿನ್ನುತ್ತಿದ್ದವಳು ನಾನು. ಕಳೆದ ವರ್ಷ ನಗರಸಭೆಯು ಮಂಡಳಿಯನ್ನು ಮಾರದೆ, ಅದರ ಆಡಳಿತವನ್ನು ಮಾತ್ರ ಐದು ವರ್ಷಕ್ಕೆ ಒಂದು ಪರಿಣತ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಸಂಸ್ಥೆ ಕಳಿಸಿದ ಮ್ಯಾನೇಜರನ್ನು ನಾವು 'ಬಾಡಿಗೆ ಮೇಡಂ' ಎಂದು ಆಡಿಕೊಂಡೆವು. ಆಕೆ ಯಾರ ಕೆಲಸಕ್ಕೂ ಕುತ್ತಿಲ್ಲವೆಂದು ಮೊದಲ ವಾರವೇ ಹೇಳಿ, ಮೇಜು ಬಿಟ್ಟು ನಮ್ಮ ಜೊತೆ ಬೀದಿಗಿಳಿದರು. ಸೋರುವ ಕಡೆಯೆಲ್ಲ ಅಗೆಸಿದರು, ಹೊಸ ಪಂಪ್ ಕೂಡಿಸಿದರು. ಕೇಳಿದ ಸಾಮಾನು ಮರುದಿನವೇ ಕೈಗೆ ಬರತೊಡಗಿದಾಗ ನಮಗೇ ನಂಬಿಕೆಯಾಗಲಿಲ್ಲ.

ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಗುಡ್ಡಕ್ಕೆ ದಿನವಿಡೀ ನೀರು ಬಿಡುವ ಮೊದಲ ಪ್ರಯತ್ನವಿತ್ತು. ಖುಷಿಗೆ ನನಗೆ ತಿಂಡಿ ಸೇರಿರಲಿಲ್ಲ. ನಾನೂ ಮ್ಯಾನೇಜರೂ ಗುಡ್ಡದ ಬುಡದಲ್ಲಿ ಪಂಪ್‌ಹೌಸಿನ ಪಕ್ಕದ ವಾಲ್ವ್ ಗುಂಡಿಯ ಬಳಿ ಹೋದಾಗ, ಅದರ ಮುಚ್ಚಳದ ಮೇಲೆ ತುಂಬಿದ ಟ್ಯಾಂಕರಿನ ಹಿಂದಿನ ಚಕ್ರ ನಿಂತಿತ್ತು. ನನ್ನ ತಮ್ಮ ಗಾಡಿಯ ಕೀಲಿಯನ್ನು ಜೇಬಿಗಿಳಿಸಿ ಕೈಕಟ್ಟಿ ನಿಂತಿದ್ದನು.

"ಅಕ್ಕಾ, ಈಯಮ್ಮ ಐದು ವರ್ಷ ಇದ್ದು ಹೋಗ್ತಾರೆ. ಅಷ್ಟರಲ್ಲಿ ನಾನು ಮುಳುಗಿ ಹೋಗಿರ್ತೀನಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ?" ಎಂದನು.

ಕೊಳವೆ ಇನ್ನೂ ಹೋಗದ ಬಡಾವಣೆಗಳಿಗೆ ಮಂಡಳಿಯ ಪರವಾಗಿ ಟ್ಯಾಂಕರ್ ಓಡಿಸುವ ಕೆಲಸವನ್ನು ಅವನಿಗೇ ಕೊಡುವುದಾಗಿ ಮ್ಯಾನೇಜರ್ ಹೇಳಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಿದ್ದರೆ ಪೊಲೀಸರು ಬರಲಿ, ಅಲ್ಲಿಯವರೆಗೆ ಯಾರೂ ಗಾಡಿ ಮುಟ್ಟಬಾರದೆಂದು ಅವರು ಖಡಾಖಂಡಿತವಾಗಿ ಹೇಳಿದರು. ಆದ್ದರಿಂದ ಮ್ಯಾನೇಜರೇ ಜನರನ್ನು ಎತ್ತಿಕಟ್ಟಿ ಗಾಡಿ ಜಖಂ ಮಾಡಿಸಿದರೆಂಬ ನನ್ನ ತಮ್ಮನ ದೂರು ಸುಳ್ಳು.

ಎತ್ತಿಕಟ್ಟಿದವಳು ನಾನು. ಗುಡ್ಡದ ಹೆಂಗಸರು ಬಕೆಟ್ ಹಿಡಿದು ಇಳಿದು ಬರುತ್ತಿದ್ದರು. ನಾನು ಟ್ಯಾಂಕರಿನ ಹಿಂದಿನ ತೂಬನ್ನು ಪೂರ್ತಿ ತೆರೆದು, "ಹಿಡ್ಕೊಳ್ರೇ, ಇವತ್ತು ಬಿಟ್ಟಿ!" ಎಂದು ಕೂಗಿದೆನು. ತಡೆಯಲು ಬಂದ ತಮ್ಮನನ್ನು ಹೆಂಗಸರೇ ಬಕೆಟ್ ಅಡ್ಡ ಹಿಡಿದು ಸುತ್ತುಗಟ್ಟಿದರು. ಗಾಡಿ ಹಗುರಾಗುತ್ತಲೇ ಒಳಗೆ ಹತ್ತಿ ಗೇರನ್ನೂ ಹ್ಯಾಂಡ್‌ಬ್ರೇಕನ್ನೂ ಬಿಡಿಸಿದೆನು. ಎಲ್ಲರೂ ಒಂದೇ ಉಸಿರಿಗೆ ನೂಕಿದರು. ಟ್ಯಾಂಕರ್ ಸುಮಾರು ಹದಿನೈದು ಅಡಿ ಉರುಳಿ ಪಂಪ್‌ಹೌಸಿನ ಗೋಡೆಗೆ ಮೂತಿ ಒತ್ತಿ ನಿಂತಿತು. ಬಂಪರ್ ಸೊಟ್ಟಗಾದದ್ದು ಹೀಗೆ. ಯಾರಿಗೂ ಪೆಟ್ಟಾಗಲಿಲ್ಲ.

ನಂತರ ಗುಂಡಿಗಿಳಿದು ವಾಲ್ವಿನ ಚಕ್ರ ಹಿಡಿದೆನು. ಹೊಸ ಪಂಪಿನ ಒತ್ತಡಕ್ಕೆ ಅದು ಬಿಗಿದುಕೊಂಡಿತ್ತು. ಮ್ಯಾನೇಜರ್ ತೋಳೇರಿಸಿ ಇಳಿದರೂ ಜಗ್ಗಲಿಲ್ಲ. ನನ್ನ ಅಂಗೈ ಕಿತ್ತು ರಕ್ತ ಬಂತು.

"ಬಿಡೇ ಅಕ್ಕ, ಕೈ ಹರ್ಕೋತೀಯ. ಸರಿ ಆ ಕಡೆ," ಎಂದು ಬೈಯುತ್ತಲೇ ನನ್ನ ತಮ್ಮ ಇಳಿದು ಬಂದನು. ಉಸಿರು ಬಿಗಿಹಿಡಿದು ತಿರುಗಿಸಿದನು. ನೀರು ನುಗ್ಗಿದ ರಭಸಕ್ಕೆ ನಮ್ಮ ಕಾಲಡಿಯ ಕೊಳವೆ ನಡುಗಿತು. ಇಪ್ಪತ್ತು ನಿಮಿಷದ ಮೇಲೆ ಗುಡ್ಡದ ತುದಿಯಲ್ಲಿ ಯಾರೋ ಕೇಕೆ ಹಾಕಿದರು, ಆಮೇಲೆ ಪಕ್ಕದ ಮನೆ, ಆಮೇಲೆ ಇಡೀ ಗುಡ್ಡ. ಮ್ಯಾನೇಜರ್ ನನ್ನನ್ನು ತಬ್ಬಿಕೊಂಡು ಕುಣಿದರು, ನಾನೂ ಕುಣಿದೆನು. ತಮ್ಮ ಮಾತ್ರ ಬಂಪರನ್ನು ಸವರಿ ನೋಡಿ ನೇರ ಠಾಣೆಗೆ ಬಂದನು.

ಪ್ರಕರಣ ಹಾಕುವುದಾದರೆ ನನ್ನ ಮೇಲೆ ಹಾಕಬೇಕು. ಆದರೆ ಗುಡ್ಡಕ್ಕೆ ನೀರು ಬಿಟ್ಟವನು ದೂರುದಾರನೇ ಎಂಬುದನ್ನೂ ಬರೆದುಕೊಳ್ಳಬೇಕಾಗಿ ಕೋರುತ್ತೇನೆ. ಅವನು ಈಗ ಹೊರಗೆ ಬೈಕಿನ ಮೇಲೆ ಕೂತು, ನನ್ನನ್ನು ಮನೆಗೆ ಬಿಡಲು ಕಾಯುತ್ತಿದ್ದಾನೆ.

ಮೇಲಿನದೆಲ್ಲ ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು. ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ದಿನವೇ, ಸಂಜೆ ನಾಲ್ಕು ಗಂಟೆ
ಸಹಿ: ನಲ್ಲಿ ಅಕ್ಕ