ಎರಡು ಶೇಡ್ ಬಿಳಿ

ಹಲೋ... ಯಾರು ಮಾತಾಡುದು? ... ಹಾಂ? ರುಖಿಯಾ? ಇದು ಯಾರ ನಂಬರ್ ಮಾರಾಯ್ತಿ? ... ಟ್ಯಾಕ್ಸಿ ಡ್ರೈವರನದ್ದಾ? ಅರ್ಧ ಗಂಟೆಯಿಂದ ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಯ್ತು ನನಗೆ.

... ಇನ್ನೂ ಅಬುಧಾಬಿ ದಾಟ್ಲಿಲ್ವಾ? ಒಂದೇ ದಿನ ಇಬ್ಬರು ಮದುಮಗಳಂದಿರ ಮೇಕಪ್ ಒಪ್ಪಬೇಡ ಅಂತ ಹೇಳಿದ್ದೆ. ಅಲ್ಲಿಯ ನಿಖಾ ಮುಗಿಸಿ ಅಲ್ ಕುಸೈಸಿನ ನಮ್ಮ ಮನೆಗೆ ಹಾರಿ ಬರ್ತೇನೆ ಅಂದಿದ್ದೆ, ಅಲ್ವಾ? ಹಾರು ಈಗ! ನಾಲ್ಕೂವರೆಗೆ ಇಗರ್ಜಿಯಲ್ಲಿರಬೇಕು. ನಮಗೆ ಕೊಟ್ಟದ್ದೇ ಒಂದು ಗಂಟೆ. ಐದೂವರೆಗೆ ಅಲ್ಲೇ ಮಲಯಾಳಿಗಳ ಪೂಜೆ ಉಂಟು.

... ಹೌದು, ನೀನು ನಿನ್ನೆ ಇಟ್ಟು ಹೋದ ಪೆಟ್ಟಿಗೆ ಇಲ್ಲೇ ಉಂಟು. ನಾನೇ ಶುರು ಮಾಡಿದ್ದೇನೆ. ಇನ್ಯಾರು ಮಾಡುದು? ಮದುಮಗಳಿಗೆ ಸುಸನ್ ಅಂತ ಒಬ್ಬಳು ಅಕ್ಕ ಇದ್ದಾಳಲ್ಲ.

... ಆಗ್ತಾ ಇಲ್ಲ! ಮೂರು ಸಲ ಒರೆಸಿದೆ. ಹೈಲೈಟರ್ ಹಚ್ಚಿದ ಕೂಡ್ಲೇ ಕೆನ್ನೆ ಮೇಲೆ ಬೂದಿ ಕೂತ ಹಾಗೆ. ಸಹಜ ಹೊಳಪು ಬರ್ತದೆ ಅಂದಿದ್ದೆ ನೀನು. ಎಂತ ಸಹಜ? ಮೀನಿನ ಹೊಟ್ಟೆ ಹಾಗೆ ಉಂಟು.

... ಎಣ್ಣೆಯಾ? ಹಾಂ, ಉಂಟು. ನಿನ್ನೆ ರೋಸ್ ಶಾಸ್ತ್ರ ಅಲ್ವಾ, ಆಂಟಿಯಂದಿರೆಲ್ಲ ಸೇರಿ ತೆಂಗಿನ ಹಾಲು, ಎಣ್ಣೆ ತಲೆಯಿಂದಲೇ ಸುರಿದಿದ್ದಾರೆ. ... ಸೋಪಾ? ಹಾಕ್ಲಿಲ್ಲ. ಮೊಂತಿ ಆಂಟಿ ಬಿಡ್ಬೇಕಲ್ಲ. ರೋಸಿನ ಎಣ್ಣೆ ಇಗರ್ಜಿಗೆ ಹೋಗುವವರೆಗೆ ಮುಖದಲ್ಲಿರಬೇಕಂತೆ, ಬಣ್ಣ ಬರ್ತದಂತೆ.

... ನಗಬೇಡ ನೀನು. ಎಲ್ಲರೆದುರೇ ಹೇಳಿದರು ಆಂಟಿ, "ಏಳು ಕಾಯಿಯ ಹಾಲು ಮುಗಿಯಿತು, ಹುಡುಗಿ ಇನ್ನೂ ಅಪ್ಪನ ಬಣ್ಣವೇ" ಅಂತ. ಎಲ್ಲರೂ ನಕ್ಕರು. ... ಮೆಲಿಸ್ಸಾನಾ? ಅವಳೂ ನಕ್ಕಳು. ನಕ್ಕ ಹಾಗೆ ಮಾಡಿದಳು.

... ಟಿಶ್ಯೂ ಒತ್ತುದಾ? ಉಜ್ಜಬಾರದು, ಒತ್ತಬೇಕು. ತಡಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇವಳ ಗಲ್ಲ. ಸ್ಪೀಕರಿಗೆ ಹಾಕ್ತೇನೆ. ಹಾಂ, ಹೇಳು. ಮೆಲಿಸ್ಸಾ, ಅಲುಗಾಡಬೇಡ ಮಾರಾಯ್ತಿ!

... ಒತ್ತಿದೆ. ಆಮೇಲೆ? ... ಹೈಲೈಟರಿನ ಅಡಿಗೆ ಯಾವ ಫೌಂಡೇಶನ್ ಹಾಕಿದ್ದು ಅಂತಲಾ? ಅದೇ, ಪೆಟ್ಟಿಗೆಯ ಮೇಲಿನ ಸಾಲಿನದ್ದು.

... ಅವಳ ಬಣ್ಣದ್ದಲ್ಲ ಅಂದ್ರೆ ಎಂತ? ... ಅದು ಮತ್ತೆ ಮಾತಾಡುವ. ... ರುಖಿಯಾ, ಒಂದು ನಿಮಿಷ. ರುಖಿಯಾ, ಫೋನು ಸ್ಪೀಕರಲ್ಲಿ...

...

ಹಾಂ. ಕೇಳಿತು. ನನಗೊಬ್ಬಳಿಗೇ ಅಲ್ಲ.

...

ಹೌದು, ನಾನೇ ಹೇಳಿದ್ದು. ಎರಡು ಶೇಡ್ ಬಿಳಿ ಮಾಡು, ಅವಳಿಗೆ ಗೊತ್ತಾಗುದು ಬೇಡ ಅಂತ ಮೆಸೇಜ್ ಹಾಕಿದ್ದು ನಾನೇ. ಅದನ್ನು ಇಷ್ಟು ದೊಡ್ಡ ಸ್ವರದಲ್ಲಿ ಹೇಳಬೇಕಿತ್ತಾ?

... ಎದ್ದು ಹೋದಳು. ಬಾತ್‌ರೂಮ್ ಬಾಗಿಲು ಹಾಕಿಕೊಂಡಳು. ... ಇಲ್ಲ, ಬೈಲಿಲ್ಲ. ಬೈದಿದ್ರೆ ಒಳ್ಳೆದಿತ್ತು. ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದಳು, ಅಷ್ಟೇ.

... ಒಳಗಿಂದಲಾ? ನೀರಿನ ಶಬ್ದ ಕೇಳ್ತದೆ.

... ಯಾಕೆ ಅಂತ ಕೇಳಬೇಡ ರುಖಿಯಾ. ಮದುಮಗ ಡ್ಯಾನಿಯಲ್ ಹೇಳಿದ್ದಾ? ಛೇ, ಇಲ್ಲ. ಮೂರು ವರ್ಷದಿಂದ ದಿನಾ ನೋಡುವ ಮುಖ ಅವನಿಗೆ. ಊರಿಗೆ ಫೋಟೋ ಹೋಗ್ತದಲ್ಲ, ಎಲ್ಲರೂ ಮೊಬೈಲಲ್ಲಿ ದೊಡ್ಡದು ಮಾಡಿ ಮಾಡಿ ನೋಡ್ತಾರೆ. ಅವಳ ಬಗ್ಗೆ ಯಾರೂ ಏನೂ ಹೇಳಬಾರದು ಅಂತ ನನಗೆ. ಕಡೆಗೆ ನಾನೇ ಮೊದಲು ಹೇಳಿದ ಹಾಗಾಯ್ತು.

... ನನ್ನ ಮದುವೆಯಲ್ಲಿ ನನಗೂ ಹೀಗೇ ಬಿಳಿ ಮಾಡಿದ್ದರು. ಆಗ ನನ್ನನ್ನು ಯಾರೂ ಕೇಳ್ಲಿಲ್ಲ. ಈಗ ಆಲ್ಬಮ್ ತೆರೆದ್ರೆ ನನ್ನ ಮಗ ಕೇಳ್ತಾನೆ, "ಮಮ್ಮಾ, ವೇರ್ ಆರ್ ಯೂ?" ಬೆರಳಿಟ್ಟು ತೋರಿಸಬೇಕು. ಗೊತ್ತುಂಟಾ? ಗೊತ್ತಿದ್ದೂ ಇವಳಿಗೆ ಅದನ್ನೇ ಮಾಡ್ಲಿಕ್ಕೆ ಹೊರಟೆ ನಾನು.

... ತಡಿ. ಬಂದಳು. ... ಸೋಪು ಹಾಕಿಯೇ ತೊಳೆದಿದ್ದಾಳೆ. ಪೆಟ್ಟಿಗೆಯಿಂದ ಒಂದು ಬಾಟ್ಲಿ ತೆಗೆದು ನನ್ನ ಕೈಯಲ್ಲಿಟ್ಟಳು. ... ಕಂದು. ಹಾಂ, ಅವಳದ್ದೇ ಬಣ್ಣ.

... ಹಾರ್ನಾ? ಕೆಳಗೆ ಕಾರಲ್ಲಿ ನನ್ನ ಗಂಡ, ಗೇಬ್ರಿಯಲ್. ಹೊಡೀಲಿ. ನೀನು ಬೇಗ ಹೇಳು.

... ತೆಳು ಹಚ್ಚಿದೆ. ... ಬೆಳ್ಳಿ ಬಣ್ಣದ ಹೈಲೈಟರ್ ಬೇಡ್ವಾ? ಚಿನ್ನದ ಬಣ್ಣದ ಕ್ರೀಮ್. ಹಾಂ, ಸಿಕ್ಕಿತು. ಬೆರಳಲ್ಲೇನಾ? ಎಷ್ಟು? ... ಅಕ್ಕಿ ಕಾಳಿನಷ್ಟು. ಎಲ್ಲಿ? ... ನಗುವಾಗ ಕೆನ್ನೆ ಉಬ್ಬುವಲ್ಲಿ.

... ಅವಳು ನಗ್ತಾ ಇಲ್ಲ ರುಖಿಯಾ. ನಗು ಅಂತ ನಾನು ಯಾವ ಬಾಯಲ್ಲಿ ಹೇಳುದು?

... ಕಣ್ಣು ಮುಚ್ಚಿ, ಮುಖ ಎತ್ತಿ ಕೂತಿದ್ದಾಳೆ. ... ಹಚ್ಚು ಅಂತಲೇ ಇರಬೇಕು. ಆ ಮೂಳೆಯ ಮೇಲೆಯಾ, ಸ್ವಲ್ಪ ಕೆಳಗೆಯಾ? ... ಹಲೋ? ರುಖಿಯಾ? ... ಕೇಳ್ತಾ ಉಂಟಾ? ... ಹಲೋ...

ಲೈನ್ ಹೋಯ್ತು, ಮೆಲಿಸ್ಸಾ. ... ನೀನೇ ಹೇಳು. ಇಲ್ಲಿಯಾ?