ಮೊಹರಿನ ಚೀಟಿ ಅಂಟಿದ್ದ ಕೆಸರಿನ ಭರಣಿ

ನನ್ನ ಹೆಸರು ಪದ್ಮಮ್ಮ, ಗಂಡ ದಿವಂಗತ ಸುಬ್ಬಪ್ಪ (ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳುವುದಿಲ್ಲವಾದ್ದರಿಂದ ಜೊತೆಯಲ್ಲಿದ್ದ ವಸಂತಮ್ಮನವರು ಹೇಳಿ ಬರೆಸಿರುತ್ತಾರೆ), ವಯಸ್ಸು ೫೨ ವರ್ಷ, ಕಸುಬು ಊಟದ ಮನೆ ನಡೆಸುವುದು, ವಾಸ ಜನ್ನಾಪುರ, ಭದ್ರಾವತಿ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮನೆಯ ಹಿತ್ತಿಲ ಕೋಣೆಯಲ್ಲಿ ಎರಡು ವರ್ಷದಿಂದ ವಸಂತಮ್ಮ ಎಂಬುವವರು ಬಾಡಿಗೆಗೆ ಇರುತ್ತಾರೆ. ವಯಸ್ಸು ೨೪. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಕೆಲಸ ಇನ್ನೂ ಕಾಯಂ ಆಗಿಲ್ಲ. ಊಟ ಮಾಡುವಾಗಲೂ ಪುಸ್ತಕ ಓದುತ್ತಾರೆ ಎಂಬುದನ್ನು ಬಿಟ್ಟರೆ ಅವರ ಮೇಲೆ ನನ್ನದೇನೂ ದೂರಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಭಾನುವಾರ ಅವರು ಕೆರೆಯ ಅಂಚಿನ ಕಪ್ಪು ಕೆಸರನ್ನು ಬಕೆಟ್ಟಿನಲ್ಲಿ ತಂದರು. ಅದಕ್ಕೆ ಹಳೆಯ ಪತ್ರಿಕೆಯ ಚೂರು, ಸೀಮೆಸುಣ್ಣದ ಪುಡಿ ಕಲಸಿ, ಅಂಗಡಿ ಜಂಬಣ್ಣನಿಂದ ಕೊಂಡಿದ್ದ ಪೆಪ್ಪರಮೆಂಟಿನ ಗಾಜಿನ ಭರಣಿಗೆ ತುಂಬಿ, ಮೇಲೆ ಕೆರೆಯ ನೀರು ಹೊಯ್ದು, ಮುಚ್ಚಳ ಹಾಕಿ ಹಿತ್ತಿಲ ಗೋಡೆಯ ಮೇಲೆ ಇಟ್ಟರು. ಇದೇನು ಗ್ರಹಚಾರ ಮಾರಾಯ್ತಿ ಎಂದು ಕೇಳಿದೆ. ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಗಾಳಿ ಬೇಕಾದವು ಮೇಲೆ, ಬೇಡವಾದವು ಕೆಳಗೆ ಪಂಕ್ತಿ ಹಿಡಿದು ಕೂರುತ್ತವೆ, ಒಂದರ ಎಂಜಲು ಇನ್ನೊಂದಕ್ಕೆ ಊಟ, ಬಿಸಿಲು ಸಿಕ್ಕರೆ ಬಣ್ಣ ಬಣ್ಣದ ಪಟ್ಟೆ ಏಳುತ್ತದೆ, ಅದನ್ನು ಮಕ್ಕಳಿಗೆ ತೋರಿಸಬೇಕು ಎಂದರು. ಮಡಿಯಲ್ಲಿ ಅಡಿಗೆ ಮಾಡುವ ನನ್ನ ಮುಂದೆ ಎಂಜಲಿನ ಪಂಕ್ತಿಯ ಮಾತು! ಅದನ್ನು ಒಲೆಯ ಕಡೆಗೆ ತರಕೂಡದು ಎಂದು ಹೇಳಿದೆ. ಮಾರನೆಯ ದಿನ, ಉಪ್ಪಿನಕಾಯಿಯಂತೆ ದಿನಕ್ಕೊಮ್ಮೆ ಕುಲುಕಬೇಕೇನೋ ಎಂದು ನಾನು ಭರಣಿಗೆ ಕೈ ಹಾಕಿದಾಗ ಅವರು ಓಡಿ ಬಂದು ಕೈ ಹಿಡಿದರು. ಕುಲುಕಿದರೆ ಪಂಕ್ತಿಯೆಲ್ಲ ಎದ್ದುಹೋಗುತ್ತದಂತೆ.

ಜಂಬಣ್ಣನು ಒಂದು ದಿನ ಊಟಕ್ಕೆ ಬಂದವನು ಕೈ ತೊಳೆಯಲು ಹಿತ್ತಿಲಿಗೆ ಹೋಗಿ, ಯಾರಿಗೂ ಹೇಳದೆ ಕೇಳದೆ ಮುಚ್ಚಳ ಎತ್ತಿ ಮೂಸಿದನು. ಕೊಳೆತ ಮೊಟ್ಟೆಯ ವಾಸನೆ ಬಂದಿರುತ್ತದೆ. ಕಳೆದ ವರ್ಷ ಚಳವಳಿಯವರು ರೈಲಿನ ತಂತಿ ಕತ್ತರಿಸಿದಂದಿನಿಂದ ಊರಿನವರಿಗೆ ಹಗ್ಗವೆಲ್ಲ ಹಾವು. ಮೇಷ್ಟ್ರಮ್ಮ ಗಂಧಕದ ಬಾಂಬು ಮಾಡುತ್ತಿದ್ದಾಳೆ ಎಂದು ಇವನು ಪೊಲೀಸಿಗೆ ತಿಳಿಸಿದನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನ ಬಗ್ಗೆ ನಾನು ಇನ್ನೂ ಹೇಳಿದ ಮಾತುಗಳನ್ನು ಬರೆಯುವ ಅಗತ್ಯವಿಲ್ಲವೆಂದು ಇದನ್ನು ಬರೆದುಕೊಳ್ಳುತ್ತಿರುವ ದಫೇದಾರರು ಹೇಳಿರುತ್ತಾರೆ.

ದಿನಾಂಕ ೬-೨-೧೯೪೩ರ ಸಾಯಂಕಾಲ ಶಿವಮೊಗ್ಗ ಠಾಣೆಯಿಂದ ದಫೇದಾರ್ ಜಟ್ಟಪ್ಪನವರು ಬಂದು ಭರಣಿಯನ್ನು ವಶಕ್ಕೆ ತೆಗೆದುಕೊಂಡರು. ಆಗ ಅದರಲ್ಲಿ ಬಣ್ಣವೇನೂ ಇರಲಿಲ್ಲ, ಬರೀ ಕಪ್ಪು ಕೆಸರು. ಸುತ್ತ ಹುರಿ ಬಿಗಿದು, ಅರಗು ಹಾಕಿ, ಭರಣಿಯ ಹೊಟ್ಟೆಗೆ ಅಂಗೈ ಅಗಲದ ಚೀಟಿ ಅಂಟಿಸಿದರು. ಪಂಚರೆಂದು ನಾನೂ ಜಂಬಣ್ಣನೂ ಅದರ ಮೇಲೆ ರುಜು ಹಾಕಿದೆವು. ವಿಚಾರಣೆ ಮುಗಿಯುವವರೆಗೆ ಪಾಠಕ್ಕೆ ಬರಬೇಡಿ ಎಂದು ಶಾಲೆಯವರು ವಸಂತಮ್ಮನವರಿಗೆ ಹೇಳಿ ಕಳುಹಿಸಿದರು. ಅಂದಿನಿಂದ ಅವರು ಊಟಕ್ಕೆ ಪುಸ್ತಕ ತರುವುದನ್ನು ಬಿಟ್ಟರು. ಬರುವ ಸೋಮವಾರ ಶಾಲೆಯ ಕಮಿಟಿ ಸೇರುತ್ತದೆ. ಅಷ್ಟರಲ್ಲಿ ಅನುಮಾನವಿಲ್ಲವೆಂದು ಪೊಲೀಸರ ಕಾಗದ ಹೋಗದಿದ್ದರೆ ಅವರ ಕೆಲಸ ಹೋದಂತೆಯೇ.

ಈ ದಿನ ಬೆಳಗಿನ ರೈಲಿನಲ್ಲಿ ನಾವಿಬ್ಬರೂ ಶಿವಮೊಗ್ಗಕ್ಕೆ ಬಂದು ಠಾಣೆಗೆ ಹಾಜರಾದೆವು. ಸಿಡಿದೀತೆಂಬ ಹೆದರಿಕೆಯಿಂದ ಭರಣಿಯನ್ನು ಒಳಗೆ ಇಡದೆ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಇಟ್ಟಿದ್ದರು. ಆರು ವಾರ ಅದರ ಹತ್ತಿರ ಯಾರೂ ಸುಳಿದಿರಲಿಲ್ಲವಂತೆ. ನೋಡಿದರೆ ಮೇಲೆ ಹಸಿರು, ಕೆಳಗೆ ನೇರಳೆ ಹಣ್ಣಿನ ಬಣ್ಣ ತುಂಬಿತ್ತು. ನಾನು ದೇವರೇ ಎಂದು ಕೆನ್ನೆ ತಟ್ಟಿಕೊಂಡೆ. ಆದರೆ ಆ ಬಣ್ಣವೇ ಮುಳುವಾಯಿತು. ಒಳಗೆ ಮದ್ದು ಕೂಡಿಕೊಂಡು ಬಣ್ಣ ತಿರುಗಿದೆ, ತುಂಗಾ ನದಿಯ ದಂಡೆಯಲ್ಲಿ ಗುಂಡಿ ತೋಡಿ ಹೂಳಬೇಕು ಎಂದು ಜಟ್ಟಪ್ಪನವರು ಇನ್ಸ್‌ಪೆಕ್ಟರ್ ಸಾಹೇಬರಿಗೆ ತಿಳಿಸಿದರು. ಸಾಹೇಬರೂ ಹೂಂ ಎಂದರು.

ಆಗ ವಸಂತಮ್ಮನವರು ಗೋಡೆಯ ಹತ್ತಿರ ಹೋಗಿ ನಿಂತು ಹೇಳಿದ ಮಾತು ಇದು: “ಮದ್ದಾಗಿದ್ರೆ ನಿಮ್ಮ ಚೀಟಿ ಕೆಳಗೂ ಬಣ್ಣ ಬಂದಿರ್ಬೇಕಲ್ವಾ ಸಾರ್? ಇವು ಬೆಳಕು ಉಂಡು ಬೆಳೆಯೋ ಜೀವ. ಚೀಟಿ ತೆಗೀರಿ. ಅದರಡಿ ಕಪ್ಪಗೇ ಇರುತ್ತೆ. ಇಲ್ದಿದ್ರೆ ಹೂತುಬಿಡಿ, ನಾನು ಬೇಡ ಅನ್ನಲ್ಲ.”

ನಿಜ ಹೇಳಬೇಕೆಂದರೆ ಒಳಗೊಳಗೆ ನನಗೂ ನಂಬಿಕೆ ಇರಲಿಲ್ಲ.

ಸಾಹೇಬರು ಆಗಲಿ ಎಂದರು. ಜಟ್ಟಪ್ಪನವರು ಮೈ ದೂರ ಇಟ್ಟುಕೊಂಡು, ಕೈ ಮಾತ್ರ ಚಾಚಿ, ಹುರಿ ಕತ್ತರಿಸಿ, ಚೀಟಿಯನ್ನು ನೀರಿನಿಂದ ನೆನೆಸಿ ಬಿಡಿಸಿದರು. ಅದರಡಿಯಲ್ಲಿ ಚೀಟಿಯಷ್ಟೇ ಅಳತೆಗೆ, ಮೂಲೆ ಸಮೇತ, ಕೆಸರು ಕಪ್ಪಗೆ ಇತ್ತು. ಹುರಿ ಬಿಗಿದಿದ್ದ ಕಡೆ ಸಹ ತೆಳ್ಳಗೆ ಕಪ್ಪು ಗೆರೆ ಇತ್ತು. ಉಳಿದದ್ದೆಲ್ಲ ನೇರಳೆ. ಸಾಹೇಬರು ಮೂಗು ಗಾಜಿಗೆ ತಗಲುವಷ್ಟು ಬಗ್ಗಿ ನೋಡಿ, ಬಿಸಿಲು ಕಾಯಿಸಿಕೊಳ್ಳುವ ಬಾಂಬನ್ನು ತಾವು ಕೇಳಿಲ್ಲವೆಂದು ನಕ್ಕರು. ಇದು ಪಾಠದ ಸಾಮಾನು, ಅನುಮಾನಕ್ಕೆ ಎಡೆಯಿಲ್ಲ ಎಂದು ಶಾಲೆಗೆ ಇಂದೇ ಕಾಗದ ಕಳುಹಿಸಲು ಅಪ್ಪಣೆ ಮಾಡಿದರು. ವಸಂತಮ್ಮನವರು ಅತ್ತರು. ನಾನು ಅಳಲಿಲ್ಲ, ಕಣ್ಣಿಗೆ ರೈಲಿನ ಹೊಗೆ ಹೋಗಿತ್ತು.

ಜಟ್ಟಪ್ಪನವರು ಸಹಾಯ ಮಾಡುವ ಮನಸ್ಸಿನಿಂದ, ಕೆಸರು ಚೆಲ್ಲಿ ಭರಣಿಯನ್ನು ಚೆನ್ನಾಗಿ ತೊಳೆದು ಕೊಡುತ್ತೇನೆ ಎಂದು ಈಗ ತಾನೇ ಹೇಳಿರುತ್ತಾರೆ. ಹಾಗೆ ಮಾಡಕೂಡದೆಂದು ನನ್ನ ಮನವಿ. ಆ ಚೀಟಿಯ ಗುರುತು ಮಾಸುವ ಮೊದಲು, ಸೋಮವಾರ, ಅದನ್ನು ಕಮಿಟಿಯವರೂ ಮಕ್ಕಳೂ ನೋಡಬೇಕು. ಭರಣಿಯನ್ನು ಇದ್ದ ಹಾಗೆಯೇ, ಕುಲುಕದೆ, ನೆಟ್ಟಗೆ ನನ್ನ ಕೈಗೆ ಕೊಡಬೇಕು. ರೈಲಿನಲ್ಲಿ ಅಲುಗದಂತೆ ಭದ್ರಾವತಿಯವರೆಗೂ ನನ್ನ ಮಡಿಲಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಮಡಿ ಸೀರೆ ಮನೆಯಲ್ಲಿ ಇನ್ನೊಂದಿದೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಜಂಬಣ್ಣನ ಬಗ್ಗೆ ಬಿಟ್ಟ ಮಾತುಗಳ ಹೊರತು ನಾನು ಹೇಳಿದ್ದೆಲ್ಲ ಇದರಲ್ಲಿದೆ, ಎಲ್ಲವೂ ನಿಜ.

ಸ್ಥಳ: ಶಿವಮೊಗ್ಗ
ದಿನಾಂಕ: ೨೦-೩-೧೯೪೩
(ರುಜು) ಪದ್ಮಮ್ಮ
ನನ್ನ ಸಮಕ್ಷಮ: ಜಟ್ಟಪ್ಪ, ದಫೇದಾರ್