ಕಸ್ತೂರಕ್ಕ ಕಂಡದ್ದನ್ನು ಇಡುವ ಜಾಗ

ಒಂದು ಊರು, ಆ ಊರಿಗೊಬ್ಬ ಸಾಹುಕಾರರು. ಹೆಸರು ಗುರುಶಾಂತಪ್ಪ. ಹಣ ಇದ್ದವರು ಬಹಳ ಜನ ಇರುತ್ತಾರೆ, ಬಿಡಿ. ಇವರಿಗೆ ಕರುಳೂ ಇತ್ತು. ತಾಯಿ ಮೂತ್ರಪಿಂಡ ಕೆಟ್ಟು ತೀರಿಕೊಂಡ ಮೇಲೆ ಊರಿನಲ್ಲೇ ಒಂದು ಡಯಾಲಿಸಿಸ್ ಕೇಂದ್ರ ತೆರೆದರು. ಬಡವರಿಗೆ ಅಲ್ಲಿ ಪುಕ್ಕಟೆ ಚಿಕಿತ್ಸೆ. ಆದರೆ ನೋಡಿ, ರೋಗಿಯನ್ನು ಯಂತ್ರಕ್ಕೆ ಜೋಡಿಸುವ ಮೊದಲು ಕಂಪ್ಯೂಟರಿನಲ್ಲಿ ಸರ್ಕಾರದ ಆರೋಗ್ಯ ಯೋಜನೆಯ ಅನುಮತಿ ಬರಬೇಕು.

ಆ ಕೆಲಸ ಕಸ್ತೂರಕ್ಕನದು. ಯಾವ ಪುಟ ತೆರೆಯಬೇಕು, ಬೆರಳಚ್ಚು ಮೂಡದ ಮುದುಕರಿಗೆ ಬೇರೆ ಯಾವ ದಾರಿ, ಸ್ಕ್ರೀನ್ ನಡುವೆಯೇ ನಿಂತರೆ ಏನು ಒತ್ತಬೇಕು, ಎಲ್ಲವೂ ಆಕೆಯ ಕೈಗೆ ಗೊತ್ತು. ಆಕೆಗೆ ಸಕ್ಕರೆ ಕಾಯಿಲೆ ಇತ್ತು. ಒಂದು ದಿನ ವೈದ್ಯರು, ಕಣ್ಣು ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂದುಬಿಟ್ಟರು.

ಆಕೆ ಅಳುತ್ತ ಕೂರಲಿಲ್ಲ. ಸಾಹುಕಾರರ ಬಳಿ ಹೋಗಿ, ಪ್ರತಿ ಹೆಜ್ಜೆಯ ಸ್ಕ್ರೀನ್‌ಶಾಟ್ ತೆಗೆದು ಕೆಳಗೆ ವಿವರ ಬರೆದಿಡುತ್ತೇನೆ, ಎಲ್ಲಿ ಇಡಲಿ ಹೇಳಿ ಎಂದು ಕೇಳಿದಳು.

ಸಾಹುಕಾರರಿಗೆ ಒಳ್ಳೆಯ ಡೇಟಾಬೇಸ್ ಬೇಕಿತ್ತು. ಮೂರು ಕಂಪನಿಯವರನ್ನು ಕರೆಸಿದರು. ಎಷ್ಟು ಹಿಡಿಯುತ್ತದೆ, ವರ್ಷಕ್ಕೆ ಎಷ್ಟು ಕೊಡಬೇಕು, ಕಳ್ಳರು ನುಗ್ಗಿದರೆ ಏನು ಗತಿ ಎಂದು ವಿಚಾರಿಸಿದರು. ತಪ್ಪು ಪ್ರಶ್ನೆಗಳೇ? ಅಲ್ಲ. ಚಿತ್ರದಲ್ಲಿ ರೋಗಿಯ ಹೆಸರು ಇರುತ್ತದೆ, ಅದನ್ನು ಕಾಪಾಡಲೇಬೇಕು. ಆದರೆ ಒಂದು ಸಭೆ ಮುಗಿದರೆ ಇನ್ನೊಂದು ಸಭೆ. ಮುಂದಿನ ತಿಂಗಳು ನೋಡೋಣ, ಹಬ್ಬ ಕಳೆಯಲಿ ನೋಡೋಣ. ಕಸ್ತೂರಕ್ಕ ಒಮ್ಮೆ ನೆನಪಿಸಿದಳು. ಆಮೇಲೆ ನೆನಪಿಸಲು ಸಂಕೋಚಪಟ್ಟು, ಸ್ಕ್ರೀನಿನ ಅಕ್ಷರ ದೊಡ್ಡದು ಮಾಡಿಕೊಂಡು, ಮುಖ ಇನ್ನಷ್ಟು ಹತ್ತಿರ ಒಯ್ದು ಕೆಲಸ ಮಾಡುತ್ತ ಹೋದಳು.

ಒಂದು ಬೆಳಿಗ್ಗೆ ಆಕೆ ಕಣ್ಣಿನ ಇಂಜೆಕ್ಷನ್‌ಗೆ ಹೋಗಿದ್ದಳು. ಅವಳ ಜಾಗದಲ್ಲಿ ಹೊಸದಾಗಿ ಸೇರಿದ ಫರ್ಜಾನಾ ಕುಳಿತಿದ್ದಳು. ಒಬ್ಬ ದರ್ಜಿ ಬಂದ. ಕಾಲು ಊದಿಕೊಂಡಿದೆ, ಉಸಿರು ಕಟ್ಟುತ್ತಿದೆ. ಬೆರಳಿಟ್ಟರೆ ಅಚ್ಚು ಮೂಡುತ್ತಿಲ್ಲ. ಫರ್ಜಾನಾ ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಕಸ್ತೂರಕ್ಕನ ಫೋನ್ ಬಂದ್ ಆಗಿತ್ತು. ದರ್ಜಿಯ ಹೆಂಡತಿ ಅವನ ಬೆನ್ನು ನೀವುತ್ತ ಫರ್ಜಾನಾಳ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಸಾಹುಕಾರರೇ ಓಡಿಬಂದು, ಅನುಮತಿ ಆಮೇಲೆ ನೋಡೋಣ, ಮೊದಲು ಯಂತ್ರಕ್ಕೆ ಹಾಕಿ ಎಂದರು. ಜೀವ ಉಳಿಯಿತು.

ಫರ್ಜಾನಾಳ ಕಣ್ಣೀರು ನಿಲ್ಲಲಿಲ್ಲ. ಸಾಹುಕಾರರು ಸಮಾಧಾನ ಹೇಳಲು ಹೋದಾಗ ಅವಳೆಂದಳು: "ಸಾಹುಕಾರ್ರ, ಜಾಗ ಎಷ್ಟ ದೊಡ್ಡದೈತಿ ಅನ್ನೋದು ನನಗ ಬೇಕಾಗಿರಲಿಲ್ಲರಿ. ಮಂದಿ ಎದುರಿಗೆ ತ್ರಾಸ ಪಡೂವಾಗ ಏನ ಒತ್ತಬೇಕಂತ ತಿಳಿಯಂಗಿಲ್ಲ. ಆಗ ಹುಡುಕಿದ್ರ ಸಿಗಬೇಕ್ರಿ, ಅಷ್ಟ."

ನೋಡಿ, ಬರೆದಿಟ್ಟದ್ದನ್ನು ತೆರೆಯುವವರು ಯಾರು ಎಂದು ಅಷ್ಟು ದಿನ ಯಾರೂ ಕೇಳಿರಲೇ ಇಲ್ಲ.

ಮರುದಿನ ಸಾಹುಕಾರರು ಮೂರೂ ಕಂಪನಿಯವರನ್ನು ಕರೆಸಿ, ಒಂದೇ ಕೆಲಸದ ವಿವರ, ಚಿತ್ರ ಕೊಟ್ಟು, ಹುಡುಕಲು ಫರ್ಜಾನಾಳನ್ನೇ ಕೂರಿಸಿದರು. ಅವಳು ಕನ್ನಡದಲ್ಲೇ 'ಬೆರಳು ಮೂಡವಲ್ದು' ಎಂದು ಬರೆದಳು. ಒಂದರಲ್ಲಿ ವಿವರ ಬಂತು, ಚಿತ್ರ ಬೇರೆಲ್ಲೋ ಇತ್ತು. ಇನ್ನೊಂದರಲ್ಲಿ ಏನೂ ಬರಲಿಲ್ಲ. ಮೂರನೆಯದು ಸಣ್ಣದು, ಅದರಲ್ಲಿ ಚಿತ್ರ, ಅದರ ಕೆಳಗೇ ವಿವರ. ಹೊರಗಿನವರು ತೆರೆಯುವಂತಿಲ್ಲ, ಒಳಗಿನವರು ತಿದ್ದಬಹುದು. ಅದನ್ನೇ ತೆಗೆದುಕೊಂಡರು. ಆಯ್ಕೆ ಒಂದು ಬೆಳಗಿನಲ್ಲಿ ಮುಗಿಯಿತು.

ಆದರೆ ಅದರಲ್ಲಿ ತುಂಬಿಸಲು ಕೂರುವಷ್ಟರಲ್ಲಿ ಕಸ್ತೂರಕ್ಕನಿಗೆ ಬೆಳಕು, ನೆರಳು ಇಷ್ಟೇ ಕಾಣುತ್ತಿತ್ತು. ಫರ್ಜಾನಾ ಪಕ್ಕದಲ್ಲಿ ಕುಳಿತು ಸ್ಕ್ರೀನ್ ಓದಿ ಹೇಳುತ್ತಿದ್ದಳು, ಕಸ್ತೂರಕ್ಕ ದಾರಿ ಹೇಳುತ್ತಿದ್ದಳು. ರೋಗಿಯ ಹೆಸರು ಅಳಿಸಿ ಚಿತ್ರ ಸೇರಿಸುತ್ತ ಬಹಳಷ್ಟನ್ನು ಉಳಿಸಿದರು. ಒಂದು ವಿಷಯ ಮಾತ್ರ ಉಳಿಯಲಿಲ್ಲ. ಅನುಮತಿಯ ಅರ್ಜಿ ಒಪ್ಪಿಗೆಯಾಗದೆ ತಿರುಗಿ ಬಂದಾಗ ಸ್ಕ್ರೀನಿನ ಮೇಲೆ ಏನೋ ಒಂದು ಗುರುತು ನೋಡಿ ಕಾರಣ ತಿಳಿಯುತ್ತಿದ್ದಳಂತೆ.

"ನೋಡಿದ್ರ ತಿಳೀತಿತ್ತವಾ," ಎಂದಳು, "ಈಗ ಹೇಳಾಕ ಬರವಲ್ದು."

ಹಿಂದೆ ನಿಂತಿದ್ದ ಸಾಹುಕಾರರು ಆಕೆಯ ಪಕ್ಕ ಬಂದು ಕುಳಿತರು. "ಅಕ್ಕಾರ, ನಾ ತಡಾ ಮಾಡಿದೆ," ಎಂದರು. ಕಸ್ತೂರಕ್ಕ ಅವರ ಕೈ ಹುಡುಕಿ ಹಿಡಿದಳು. "ಸಿಕ್ಕಷ್ಟ ಇಡೋಣ್ರಿ. ನಾಳೆ ಈಕಿ ಕಂಡಿದ್ದೂ ಅದರಾಗ ಸೇರತೈತಿ."

ಆಕೆಯನ್ನು ಅವರು ಮನೆಗೆ ಕಳಿಸಲಿಲ್ಲ. ಯಂತ್ರದ ಮಗ್ಗುಲಲ್ಲಿ ಹೆದರಿ ಮಲಗಿದವರ ಜೊತೆ ಮಾತಾಡುತ್ತ ಕೂರುವುದು ಈಗ ಆಕೆಯ ಕೆಲಸ.

ತಾಯಂದಿರೇ, ಅಣ್ಣಂದಿರೇ, ಸಾಹುಕಾರರನ್ನು ಬೈಯಬೇಡಿ. ನಾವೇನು ಮಾಡುತ್ತಿದ್ದೇವೆ? ಅಂಗಡಿಯ ಬಿಲ್ಲು, ಆಫೀಸಿನ ಕೆಲಸ, ಅಜ್ಜನಿಗೆ ಕೊಡುವ ಮಾತ್ರೆ, ಎಲ್ಲ ಒಬ್ಬರ ತಲೆಯಲ್ಲಿದೆ. ಒಳ್ಳೆಯ ಫೋನ್ ಬರಲಿ, ಪುರಸೊತ್ತು ಸಿಗಲಿ, ಆಮೇಲೆ ಬರೆದಿಡೋಣ ಎನ್ನುತ್ತೇವೆ. ಅದನ್ನು ಇಡುವುದು ನಮಗೋಸ್ಕರವೇ? ನಾವು ಇಲ್ಲದ ದಿನ ನಮ್ಮ ಕುರ್ಚಿಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಒಬ್ಬರು ಕೂರುತ್ತಾರಲ್ಲ, ಅವರಿಗೋಸ್ಕರ. ಇವತ್ತು ಇಲ್ಲಿಂದ ಎದ್ದು ಹೋದ ಮೇಲೆ, ನಿಮಗೊಬ್ಬರಿಗೇ ಗೊತ್ತಿರುವ ಒಂದು ಕೆಲಸ ಹಿಡಿಯಿರಿ. ನಿಮ್ಮ ನಂತರ ಅದನ್ನು ಮಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಲ್ಲಿ ಇಟ್ಟರೆ ನಿನಗೆ ಸಿಗುತ್ತದೆ ಎಂದು ಅವರನ್ನೇ ಕೇಳಿ, ಅಲ್ಲೇ ಇಡಿ. ಕಣ್ಣು ಕಾಣುತ್ತಿರುವಾಗಲೇ ಇಡಿ.